ಕೀಲುಬೇನೆ ಮತ್ತು ಜೀವಕೋಶದ ಬಾಗಿಲು

ಯಡಿಯೂರು ಎಂದೊಡನೆ ನಮ್ಮ ವಾಚಕರ ಮನಸ್ಸು ಕುಣಿಗಲ್ ತಾಲ್ಲೂಕಿನ ಶ್ರೀ ಸಿದ್ಧಲಿಂಗೇಶ್ವರ ಕ್ಷೇತ್ರದ ಕಡೆಗೆ ಹರಿಯುವುದು ಸಹಜ. ನಾವು ಇಲ್ಲಿ ಹೇಳಹೊರಟಿರುವುದು ಆ ಯಡಿಯೂರಿನ ವಿಷಯವಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರಕ್ಕೂ ಬನಶಂಕರಿಗೂ ನಡುವೆ, ಕೆರೆಯೊಂದನ್ನು ಮಡಿಲಲ್ಲಿಟ್ಟುಕೊಂಡಿರುವ ಯಡಿಯೂರಿನದು. ಬೆಳಗಿನ ಹೊತ್ತು ಆ ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ನಡೆಯಬಂದವರನ್ನು ಗಮನಿಸಿದರೆ ಮೊಣಕಾಲಿಗೆ ಪಟ್ಟಿ ಬಿಗಿದವರು, ಊರುಗೋಲು ಹಿಡಿದವರು, ಬೆಂಚಿನ ಮೇಲೆ ಕುಳಿತು ಒಬ್ಬರ ನೋವನ್ನು ಮತ್ತೊಬ್ಬರು ವಿಚಾರಿಸಿಕೊಳ್ಳುವವರು ಅನೇಕರು ಕಾಣಸಿಗುತ್ತಾರೆ. ನಮ್ಮ ಅತ್ತಿಗೆಯವರೂ ಅವರಲ್ಲೊಬ್ಬರು. ಅವರ ಮನೆ ಕೆರೆಯ ಸಮೀಪದಲ್ಲಿಯೇ ಇದೆ.

ಅತ್ತಿಗೆಯವರ ಬೇನೆ ನಮಗೆ ತಿಳಿದುಬಂದದ್ದು ಪೂಜೆಯ ಹೊತ್ತಿನಲ್ಲಿ. 2008ರಲ್ಲಿ ಒಂದು ದಿನ ಬೆಳಿಗ್ಗೆ ಅವರ ಮನೆಗೆ ಹೋದಾಗ ಅವರು ಪೂಜೆಗೆ ಕುಳಿತಿದ್ದರು. ಎಡಗೈಯ ಬೆರಳುಗಳು ಮಡಚಲಾರದೆ, ಇಷ್ಟಲಿಂಗವು ಅಂಗೈಯಿಂದ ಜಾರೀತೆಂಬ ಅಂಜಿಕೆಯಿಂದ ಬಲಗೈಯನ್ನು ಕೆಳಗೆ ಆಸರೆ ಕೊಟ್ಟುಕೊಂಡಿದ್ದರು. ವಿಭೂತಿ ಧರಿಸುವಾಗ ಮೂರು ಬೆರಳುಗಳು ಒಟ್ಟಿಗೆ ಹಣೆಯನ್ನು ಮುಟ್ಟುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ನಾವು ಕೇಳಿದೆವು. "ಬೆಳಗಿನ ಹೊತ್ತು ಹೀಗೇ ಕಣಪ್ಪಾ. ಹತ್ತು ಗಂಟೆಯಾದ ಮೇಲೆ ಬೆರಳುಗಳು ಹೇಳಿದ ಮಾತು ಕೇಳುತ್ತವೆ. ಇದು ಚಿಕುನ್‌ಗುನ್ಯಾ ಬಿಟ್ಟುಹೋದ ಶೇಷ" ಎಂದು ನಕ್ಕುಬಿಟ್ಟರು.

ಆ ಮಾತನ್ನು ನಾವೂ ನಂಬಿದೆವು. ನಂಬಲು ಕಾರಣವೂ ಇತ್ತು. 2006ರಲ್ಲಿ ಕರ್ನಾಟಕವನ್ನು ಆ ಜ್ವರವು ಆವರಿಸಿದ ಬಗೆಯನ್ನು ಮರೆತವರುಂಟೆ? ಆ ಒಂದು ವರ್ಷದಲ್ಲಿ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕುನ್‌ಗುನ್ಯಾ ಬಂದಿರಬಹುದೆಂದು ಸರ್ಕಾರಿ ಲೆಕ್ಕಗಳೇ ಹೇಳಿದವು. ಊರಿಗೆ ಊರೇ ಗೋಡೆ ಹಿಡಿದು ನಡೆದ ಕಾಲವದು. ಜ್ವರ ವಾರದಲ್ಲಿ ಇಳಿದರೂ ಕೀಲುಗಳ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಹಾಗಾಗಿ ಮುಂದೆ ಯಾರಿಗೆ ಯಾವ ಕೀಲು ನೋಯ್ದರೂ ಅದರ ಹೊಣೆಯನ್ನು ಆ ಸೊಳ್ಳೆಯ ತಲೆಗೇ ಕಟ್ಟುವ ರೂಢಿ ಬೆಳೆಯಿತು. ಅತ್ತಿಗೆಯವರ ಬೆರಳ ಬುಡದ ಗೆಣ್ಣುಗಳು ಬಾತುಕೊಂಡು, ಎರಡೂ ಕೈಗಳಲ್ಲಿ ಒಂದೇ ಬಗೆಯಾಗಿ ನೋಯುತ್ತಿದ್ದವು. ಬೆಳಗಿನ ಬಿಗಿತ ಒಂದು ತಾಸಿಗೂ ಮೀರಿ ಇರುತ್ತಿತ್ತು. ವಯಸ್ಸಾದಂತೆ ಕೀಲು ಸವೆದು ಬರುವ ನೋವಿನ ಬಿಗಿತವಾದರೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲವಾಗುತ್ತದೆ. ಈ ವ್ಯತ್ಯಾಸ ಆಗ ನಮ್ಮ ಕುಟುಂಬದಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾಲ್ಕು ವರ್ಷಗಳು ಹೀಗೆಯೇ ಕಳೆದುಹೋದವು.

ಆ ನಾಲ್ಕು ವರ್ಷಗಳಲ್ಲಿ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ನೆಂಟರೊಬ್ಬರು ಹೇಳಿದರೆಂದು ಅತ್ತಿಗೆಯವರು ದೂರದ ಊರಿನಿಂದ ಒಂದು ಪುಡಿಯನ್ನು ತರಿಸಿಕೊಂಡು ಸೇವಿಸತೊಡಗಿದರು. ಮೂರೇ ದಿನಗಳಲ್ಲಿ ನೋವು ಮಾಯವಾಯಿತು. ಮನೆಯವರೆಲ್ಲರೂ ಆ ಪುಡಿಯನ್ನು ಕೊಂಡಾಡಿದರು, ನಾವೂ ಕೊಂಡಾಡಿದೆವು. ಆರು ತಿಂಗಳಾಗುವಷ್ಟರಲ್ಲಿ ಮುಖ ದುಂಡಗೆ ಊದಿತು, ರಕ್ತದಲ್ಲಿ ಸಕ್ಕರೆ ಏರಿತು, ಸ್ವಲ್ಪ ತಗುಲಿದರೂ ಚರ್ಮದ ಮೇಲೆ ನೀಲಿ ಕಲೆಗಳು ಮೂಡತೊಡಗಿದವು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬೇಕೆಂದು ಅನಂತರ ಚಿಕಿತ್ಸೆ ನೀಡಿದ ವೈದ್ಯರು ಹೇಳಿದರು. ಸ್ಟೀರಾಯ್ಡ್ ವಿಷವೇನಲ್ಲ. ಫಿಲಿಪ್ ಹೆಂಚ್ ಎಂಬ ಅಮೆರಿಕದ ವೈದ್ಯರು 1948ರಲ್ಲಿ ಹಾಸಿಗೆ ಹಿಡಿದಿದ್ದ ಕೀಲುವಾತದ ರೋಗಿಗೆ ಅದನ್ನು ಕೊಟ್ಟು, ರೋಗಿ ಎದ್ದು ನಡೆಯುವಂತೆ ಮಾಡಿ, 1950ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇಂದಿಗೂ ಅದು ವೈದ್ಯರ ಕೈಯಲ್ಲಿ ಅಮೂಲ್ಯ ಔಷಧ. ಅಳತೆಯಿಲ್ಲದೆ, ಹೆಸರಿಲ್ಲದೆ, ಪುಡಿಯೊಳಗೆ ಅಡಗಿ ಬಂದಾಗ ಮಾತ್ರ ಅದು ಮನೆಗೆ ಹೊಕ್ಕ ಕಳ್ಳ. ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ದೀರ್ಘಕಾಲ ಹೊರಗಿನಿಂದ ದೊರೆತಾಗ ಶರೀರವು ತಾನೇ ಅದನ್ನು ತಯಾರಿಸುವುದನ್ನು ಕಡಿಮೆ ಮಾಡಿಬಿಟ್ಟಿರುತ್ತದೆ.

2012ರಲ್ಲಿ ಅಣ್ಣನವರು ಅತ್ತಿಗೆಯವರನ್ನು ಕೀಲುರೋಗಗಳ ತಜ್ಞರಲ್ಲಿಗೆ ಕರೆದೊಯ್ದರು. ರಕ್ತಪರೀಕ್ಷೆಗಳಾದವು, ಕೈಗಳ ಎಕ್ಸ್-ರೇ ಆಯಿತು. ರೋಗದ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಜನ ಕೀಲುವಾತವೆಂದೂ ಆಯುರ್ವೇದದವರು ಆಮವಾತವೆಂದೂ ಗುರುತಿಸುವ ಬೇನೆಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಮಾಧವನಿದಾನವೆಂಬ ಪ್ರಾಚೀನ ಗ್ರಂಥದಲ್ಲಿ ಆಮವಾತದ ಲಕ್ಷಣಗಳ ವರ್ಣನೆಯಿದೆ. ದೆಹಲಿಗೆ ಸಮೀಪದ ಗ್ರಾಮಗಳಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಲಾದ ಸಮೀಕ್ಷೆಯೊಂದರಂತೆ ವಯಸ್ಕರಲ್ಲಿ ನೂರಕ್ಕೆ 0.75ರಷ್ಟು ಮಂದಿಗೆ ಈ ರೋಗವಿತ್ತು, ಅಂದರೆ ಸಾವಿರಕ್ಕೆ ಏಳೆಂಟು ಮಂದಿ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ರೊಟ್ಟಿ ತಟ್ಟುವ, ಬಟ್ಟೆ ಹಿಂಡುವ, ಮಗುವಿಗೆ ಜಡೆ ಹೆಣೆಯುವ ಕೈಗಳನ್ನೇ ಈ ರೋಗವು ಅರಸಿ ಬರುವುದು ನಮಗೆ ಬಹಳ ಖೇದಕರವೆನಿಸುತ್ತದೆ.

ಇಷ್ಟಕ್ಕೂ ಈ ರೋಗದಲ್ಲಿ ನಡೆಯುವುದೇನು? ಶರೀರದ ಕಾವಲು ಪಡೆಯು ಹೊರಗಿನ ಶತ್ರುವನ್ನು ಬಿಟ್ಟು ತನ್ನ ಮನೆಯ ಮೇಲೆಯೇ ಎರಗುತ್ತದೆ. ಕೀಲುಗಳ ಒಳಪದರದಲ್ಲಿ ಬಿಳಿಯ ರಕ್ತಕಣಗಳು ಜಮಾಯಿಸಿ, ಪದರವು ದಪ್ಪವಾಗಿ, ಕ್ರಮೇಣ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಈ ಕಾವಲುಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಹೇಗೆ? ಅವರು ಓಲೆಗಳನ್ನು ಕಳುಹಿಸುತ್ತಾರೆ. ಆ ಓಲೆಗಳೇ ಸೈಟೋಕೈನ್‌ಗಳು. ಇವು ಅತಿ ಸಣ್ಣ ಪ್ರೋಟೀನುಗಳು. ಒಂದು ಜೀವಕೋಶ ಹೊರಬಿಟ್ಟ ಸೈಟೋಕೈನ್ ರಕ್ತದಲ್ಲೋ ಕೀಲಿನ ದ್ರವದಲ್ಲೋ ತೇಲಿ ಹೋಗಿ ಮತ್ತೊಂದು ಜೀವಕೋಶದ ಬಾಗಿಲು ತಟ್ಟುತ್ತದೆ. ಆ ಬಾಗಿಲಿಗೆ ಶಾಸ್ತ್ರಜ್ಞರು ಗ್ರಾಹಕ ಎಂದು ಹೆಸರಿಟ್ಟಿದ್ದಾರೆ. ಪ್ರತಿಯೊಂದು ಓಲೆಗೂ ಅದರದೇ ಬಾಗಿಲು. ಬಾಗಿಲು ತಟ್ಟಿದೊಡನೆ ಒಳಗೆ ಗಂಟೆ ಬಾರಿಸಿದಂತಾಗಿ, ಆ ಸುದ್ದಿಯು ಜೀವಕೋಶದ ಗರ್ಭಗುಡಿಯಾದ ಕೋಶಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿಂದ ಇನ್ನಷ್ಟು ಓಲೆಗಳು ಹೊರಡುತ್ತವೆ. ಗಾಯವಾದಾಗ, ಸೋಂಕು ತಗುಲಿದಾಗ ಇದೆಲ್ಲವೂ ನಮ್ಮ ಒಳಿತಿಗಾಗಿಯೇ ನಡೆಯುತ್ತದೆ, ಕೆಲಸ ಮುಗಿದ ಮೇಲೆ ನಿಲ್ಲುತ್ತದೆ. ಕೀಲುವಾತದಲ್ಲಿ ಮಾತ್ರ ಓಲೆಗಳು ನಿಲ್ಲುವುದೇ ಇಲ್ಲ.

ನೋವಿನ ವಿಷಯದಲ್ಲಿ ಒಂದು ವಿಶೇಷವಿದೆ. ಕೀಲು ಊದಿಕೊಂಡು ಒತ್ತುವುದರಿಂದ ಮಾತ್ರ ನೋಯುತ್ತದೆಂದು ಬಹುಕಾಲ ತಿಳಿಯಲಾಗಿತ್ತು. ನೋವನ್ನು ಮಿದುಳಿಗೆ ಒಯ್ಯುವ ನರತಂತುಗಳಲ್ಲಿಯೂ ಈ ಓಲೆಗಳಿಗೆ ಬಾಗಿಲುಗಳಿವೆಯೆಂದು ಈಗ ತಿಳಿದುಬಂದಿದೆ. ಸೈಟೋಕೈನ್ ತಟ್ಟಿದ ನರವು ಅತಿಸೂಕ್ಷ್ಮವಾಗುತ್ತದೆ. ಹೂವಿನ ಸ್ಪರ್ಶವೂ ಅದಕ್ಕೆ ಮುಳ್ಳಿನಂತೆ ತೋರುತ್ತದೆ. ಟಿಎನ್‌ಎಫ್ ಎಂಬ ಸೈಟೋಕೈನನ್ನು ತಡೆಯುವ ಔಷಧವನ್ನು ಕೊಟ್ಟ ಒಂದೇ ದಿನದಲ್ಲಿ, ಕೀಲಿನ ಬಾವು ಇಳಿಯುವುದಕ್ಕೂ ಮೊದಲೇ, ರೋಗಿಗಳ ಮಿದುಳಿನಲ್ಲಿ ನೋವಿನ ಚಟುವಟಿಕೆ ತಗ್ಗಿದ್ದನ್ನು ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದರು. ಅತ್ತಿಗೆಯವರ ಬೆಳಗಿನ ಸಂಕಟಕ್ಕೂ ಇಲ್ಲಿಯೇ ಉತ್ತರವಿದೆ. ಕೀಲುವಾತದ ರೋಗಿಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸೈಟೋಕೈನಿನ ಪ್ರಮಾಣವು ಬೆಳಗಿನ ಜಾವದ ಹೊತ್ತಿಗೆ ರಕ್ತದಲ್ಲಿ ಏರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ. ಪೂಜೆಯ ವೇಳೆಯೂ ಓಲೆಗಳ ಉಬ್ಬರದ ವೇಳೆಯೂ ಒಂದೇ ಆಗಿದ್ದವು.

ವೈದ್ಯರು ಮೊದಲು ಕೊಟ್ಟದ್ದು ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಮಾತ್ರೆ. ಇಂದಿಗೂ ಈ ರೋಗಕ್ಕೆ ಮೊದಲ ಔಷಧ ಅದೇ. ಅದನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ಮಿಕ್ಕ ಮಾತ್ರೆಗಳಂತೆ ದಿನಂಪ್ರತಿ ಸೇವಿಸಿ ಪ್ರಾಣಕ್ಕೆ ಎರವಾದವರಿದ್ದಾರೆ. ಆದ್ದರಿಂದ ಅಣ್ಣನವರು ಗೋಡೆಯ ಪಂಚಾಂಗದಲ್ಲಿ ಪ್ರತಿ ಭಾನುವಾರದ ಮೇಲೆ ಕೆಂಪು ಶಾಯಿಯಿಂದ ಗುರುತು ಹಾಕಿಟ್ಟರು. ಗರ್ಭಿಣಿಯರು ಮತ್ತು ಗರ್ಭ ಧರಿಸಲಿಚ್ಛಿಸುವವರು ಇದನ್ನು ಸೇವಿಸಲಾಗದು. ಅತ್ತಿಗೆಯವರು ಆರು ವರ್ಷ ಈ ಮಾತ್ರೆಯ ಬಲದಿಂದ ಬಹಳ ಮಟ್ಟಿಗೆ ನೆಮ್ಮದಿಯಾಗಿದ್ದರು. ಮೊದಲ ನಾಲ್ಕು ವರ್ಷಗಳ ವಿಳಂಬದಲ್ಲಿ ಸೊಟ್ಟಗಾದ ಬಲಗೈಯ ಎರಡು ಬೆರಳುಗಳು ಮಾತ್ರ ನೆಟ್ಟಗಾಗಲಿಲ್ಲ. ಕೊರೆದುಹೋದ ಮೂಳೆಯನ್ನು ಯಾವ ಔಷಧವೂ ಮರಳಿ ತರಲಾರದು.

2018ರ ವೇಳೆಗೆ ಬಾವು ಮರುಕಳಿಸಿತು, ಮಣಿಕಟ್ಟು ಮತ್ತು ಪಾದಗಳಿಗೂ ಹಬ್ಬಿತು. ಆಗ ವೈದ್ಯರು ಗ್ರಾಹಕದ ಬಾಗಿಲನ್ನೇ ಮುಚ್ಚುವ ಟೋಸಿಲಿಜುಮಾಬ್ ಎಂಬ ಚುಚ್ಚುಮದ್ದಿನ ಮಾತೆತ್ತಿದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ಓಲೆಗಳನ್ನು ತಡೆದರೆ ರೋಗ ತಗ್ಗೀತೆಂಬ ವಿಚಾರವನ್ನು ಮೊದಲು ರೋಗಿಗಳಲ್ಲಿ ಸಿದ್ಧಪಡಿಸಿ ತೋರಿಸಿದವರು ಲಂಡನ್ನಿನ ಕೆನಡಿ ಸಂಸ್ಥೆಯ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ. ಮೈನಿಯವರು ಪಂಜಾಬಿನ ಲುಧಿಯಾನದಲ್ಲಿ ಜನಿಸಿದವರೆಂಬುದು ನಮಗೆ ಹೆಮ್ಮೆಯ ಸಂಗತಿ. ಅವರು 1992ರಲ್ಲಿ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಟಿಎನ್‌ಎಫ್ ಅನ್ನು ಹಿಡಿದುಹಾಕುವ ಪ್ರತಿಕಾಯವನ್ನು ಕೀಲುವಾತದ ರೋಗಿಗಳಿಗೆ ಮೊದಲ ಬಾರಿಗೆ ಕೊಟ್ಟರು. ಒಂದೇ ಓಲೆಯನ್ನು ತಡೆದರೆ ಏನು ಪ್ರಯೋಜನ, ನೂರು ಓಲೆಗಳು ಉಳಿದಿವೆಯಲ್ಲ ಎಂದು ಹಲವರು ಸಂಶಯಪಟ್ಟಿದ್ದರು. ಆದರೆ ರೋಗಿಗಳು ಸುಧಾರಿಸಿದರು. ಇನ್‌ಫ್ಲಿಕ್ಸಿಮಾಬ್ ಮತ್ತು ಅಡಾಲಿಮುಮಾಬ್ ಈ ವರ್ಗದವು. ಎಟನರ್ಸೆಪ್ಟ್ ಎಂಬುದರ ಉಪಾಯ ಇನ್ನೂ ಸೊಗಸಾದುದು. ಅದು ಬೀದಿಯಲ್ಲಿ ಸುಳ್ಳು ಬಾಗಿಲೊಂದನ್ನು ನಿಲ್ಲಿಸಿ ಓಲೆಗಳನ್ನು ಅಲ್ಲಿಯೇ ಇಳಿಸಿಕೊಂಡುಬಿಡುತ್ತದೆ.

ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ತಾದಾಮಿತ್ಸು ಕಿಶಿಮೊಟೊ ಎಂಬ ವಿದ್ವಾಂಸರು ಬೇರೊಂದು ದಾರಿ ಹಿಡಿದರು. ಅವರ ತಂಡ 1986ರಲ್ಲಿ ಇಂಟರ್‌ಲ್ಯೂಕಿನ್-6ರ ಜೀನನ್ನೂ 1988ರಲ್ಲಿ ಅದರ ಗ್ರಾಹಕದ ಜೀನನ್ನೂ ಬೇರ್ಪಡಿಸಿತು. ತಮಾಷೆಯೆಂದರೆ ಈ ಸೈಟೋಕೈನನ್ನು ಅದುವರೆಗೆ ಒಂದೊಂದು ಪ್ರಯೋಗಶಾಲೆಯವರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಅವೆಲ್ಲವೂ ಒಂದೇ ಎಂಬುದು ಜೀನು ದೊರೆತ ಮೇಲೆಯೇ ತಿಳಿಯಿತು. ಕಿಶಿಮೊಟೊ ಅವರು ಓಲೆಯನ್ನು ಹಿಡಿಯಲು ಹೋಗದೆ ಬಾಗಿಲಿಗೆ ಅಂಟಿಕೊಳ್ಳುವ ಪ್ರತಿಕಾಯವನ್ನು ಆರಿಸಿಕೊಂಡರು. ಚುಗಾಯ್ ಎಂಬ ಕಂಪನಿಯೊಡನೆ ರೂಪಿಸಿದ ಆ ಔಷಧವೇ ಟೋಸಿಲಿಜುಮಾಬ್. ಅದು ಬೀಗದ ಕಿಂಡಿಯಲ್ಲಿ ಮೇಣ ತುಂಬಿದಂತೆ ಗ್ರಾಹಕವನ್ನು ಮುಚ್ಚುತ್ತದೆ. ಓಲೆಗಳು ಬರುತ್ತಲೇ ಇರುತ್ತವೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಕೀಲುವಾತಕ್ಕೆ ಇದು ಜಪಾನಿನಲ್ಲಿ 2008ರಲ್ಲೂ ಅಮೆರಿಕದಲ್ಲಿ 2010ರಲ್ಲೂ ಮಂಜೂರಾಯಿತು.

ಈ ಔಷಧದ ಕಥೆಯಲ್ಲಿ ಒಂದು ಪುಟ್ಟ ಬಾಲಕಿಯೂ ಬರುತ್ತಾಳೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರಿಗಾಗಿ ಹೊಸ ಬಗೆಯ ಜೀವಕೋಶ ಚಿಕಿತ್ಸೆಯನ್ನು ನೀಡಲಾಗಿತ್ತು. ಆಕೆಯ ಶರೀರದಲ್ಲಿ ಸೈಟೋಕೈನ್‌ಗಳು ಬಿರುಗಾಳಿಯಂತೆ ಎದ್ದು ಮಗು ಸಾವಿನಂಚಿಗೆ ಸರಿಯಿತು. ಪರೀಕ್ಷಿಸಿದಾಗ ಇಂಟರ್‌ಲ್ಯೂಕಿನ್-6 ವಿಪರೀತವಾಗಿ ಏರಿತ್ತು. ಚಿಕಿತ್ಸೆಯನ್ನು ರೂಪಿಸಿದ ವಿಜ್ಞಾನಿ ಕಾರ್ಲ್ ಜೂನ್ ಅವರ ಮಗಳಿಗೆ ಬಾಲ್ಯದ ಕೀಲುವಾತವಿತ್ತು. ಆದ್ದರಿಂದ ಅವರಿಗೆ ಈ ಔಷಧದ ಪರಿಚಯವಿತ್ತು. ಟೋಸಿಲಿಜುಮಾಬ್ ಕೊಟ್ಟ ಮೇಲೆ ಎಮಿಲಿ ಬೇಗನೆ ಚೇತರಿಸಿಕೊಂಡಳು. ಒಬ್ಬ ತಂದೆ ಮಗಳ ಕೀಲುನೋವಿಗಾಗಿ ಓದಿಕೊಂಡದ್ದು ಮತ್ತೊಬ್ಬರ ಮಗಳ ಪ್ರಾಣಕ್ಕೆ ಒದಗಿತು.

ಮರಳಿ ಯಡಿಯೂರಿಗೆ ಬರೋಣ. ವೈದ್ಯರು ತೂಕದ ಪ್ರತಿ ಕಿಲೋಗ್ರಾಮಿಗೆ 8 ಮಿಲಿಗ್ರಾಮಿನಂತೆ, ನಾಲ್ಕು ವಾರಗಳಿಗೊಮ್ಮೆ, ನಾಳದ ಮೂಲಕ ಒಂದು ತಾಸು ಹನಿಸಬೇಕೆಂದರು. ಅತ್ತಿಗೆಯವರ ತೂಕ 50 ಕಿಲೋ. ಎಂದರೆ 400 ಮಿಲಿಗ್ರಾಮ್, ಒಂದು ಸೀಸೆ. ಆಗ ಆ ಒಂದು ಸೀಸೆಯ ಬೆಲೆ ಸುಮಾರು 40 ಸಾವಿರ ರೂಪಾಯಿ. ಲೆಕ್ಕ ಕೇಳಿದೊಡನೆ ಅತ್ತಿಗೆಯವರು ಕೈಗಳನ್ನು ಸೆರಗಿನೊಳಗೆ ಮರೆಮಾಡಿಕೊಂಡರು. "ನನ್ನ ಬೆರಳಿಗೆ ತಿಂಗಳಿಗೆ ನಲವತ್ತು ಸಾವಿರವೇ? ಮಗಳ ಮದುವೆಗೆಂದು ಇಟ್ಟ ಹಣ ಅದು. ಬೇಡವೇ ಬೇಡ." ಅಣ್ಣನವರು ಏನೂ ಮಾತನಾಡಲಿಲ್ಲ. ಮಾತನಾಡಿದವಳು ಮಗಳು. "ಅಮ್ಮಾ, ಮದುವೆಯ ದಿನ ನಿನ್ನ ಕೈಯಿಂದ ಅಕ್ಷತೆ ಬೀಳಬೇಕಲ್ಲ" ಎಂದಳು. ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಲಾಯಿತು.

ಆದರೂ ಚುಚ್ಚುಮದ್ದು ತಕ್ಷಣ ಆರಂಭವಾಗಲಿಲ್ಲ. ಮೊದಲು ಎದೆಯ ಎಕ್ಸ್-ರೇ, ಕ್ಷಯದ ಸೋಂಕು ಗುಪ್ತವಾಗಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆ, ಯಕೃತ್ತಿನ ಸೋಂಕುಗಳ ಪರೀಕ್ಷೆ. ಇನ್‌ಫ್ಲಿಕ್ಸಿಮಾಬ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಅದನ್ನು ಪಡೆದವರಲ್ಲಿ 70 ಮಂದಿಗೆ ಕ್ಷಯ ಕಾಣಿಸಿಕೊಂಡದ್ದನ್ನು 2001ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಕ್ಷಯದ ರೋಗಾಣುವನ್ನು ಶ್ವಾಸಕೋಶದ ಮೂಲೆಯಲ್ಲಿ ಕೋಟೆ ಕಟ್ಟಿ ಬಂಧಿಸಿಡುವುದು ಈ ಸೈಟೋಕೈನ್‌ಗಳೇ. ಅವುಗಳನ್ನು ತಡೆದರೆ ಸೆರೆಮನೆಯ ಬೀಗವನ್ನು ನಾವೇ ತೆಗೆದಂತೆ. ಟಿಎನ್‌ಎಫ್ ತಡೆಯುವ ಔಷಧಗಳಲ್ಲಿ ಈ ಅಪಾಯ ಹೆಚ್ಚು. ಆದರೂ ನಮ್ಮ ದೇಶದಲ್ಲಿ ಗುಪ್ತ ಸೋಂಕು ಬಹಳ ವ್ಯಾಪಕವಾಗಿರುವುದರಿಂದ ಯಾವ ಬಗೆಯ ತಡೆಗೂ ಮುನ್ನ ಈ ಪರೀಕ್ಷೆ ಮಾಡಿಸುತ್ತಾರೆ. ಅತ್ತಿಗೆಯವರಲ್ಲಿ ಸೋಂಕು ಕಂಡುಬಂದಿತು. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಇತ್ತು. ಬಾಲ್ಯದಲ್ಲಿ ಅವರ ಅಜ್ಜಿಗೆ ಆ ರೋಗವಿದ್ದುದು ಆಗ ನೆನಪಿಗೆ ಬಂತು. ಕ್ಷಯನಿವಾರಕ ಮಾತ್ರೆಯನ್ನು ಒಂದು ತಿಂಗಳು ಸೇವಿಸಿದ ಬಳಿಕ, ಆ ಮಾತ್ರೆಯನ್ನು ಮುಂದುವರಿಸುತ್ತಲೇ, 2019ರ ಆರಂಭದಲ್ಲಿ ಮೊದಲ ಸೀಸೆ ಹನಿಯಿತು.

ಮೂರನೆಯ ಸೀಸೆಯ ಅನಂತರ ಒಂದು ಬೆಳಿಗ್ಗೆ ನಮಗೆ ದೂರವಾಣಿ ಮಾಡಿ, "ಈ ದಿನ ಬಲಗೈ ಆಸರೆ ಬೇಕಾಗಲಿಲ್ಲ ಕಣಪ್ಪಾ" ಎಂದರು. ಪೂಜೆಯ ವಿಷಯವೆಂದು ಅವರು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಔಷಧ ಪಡೆಯುವವರ ಮನೆಯವರು ಅರಿತಿರಬೇಕಾದ ಒಂದು ಸೂಕ್ಷ್ಮವಿದೆ. ಜ್ವರ ಬರಿಸುವುದೂ ರಕ್ತದಲ್ಲಿ ಸಿಆರ್‌ಪಿ ಎಂಬ ಉರಿಯೂತದ ಸೂಚಕವನ್ನು ಏರಿಸುವುದೂ ಇಂಟರ್‌ಲ್ಯೂಕಿನ್-6ರ ಕೆಲಸ. ಬಾಗಿಲು ಮುಚ್ಚಿದಾಗ ಸೋಂಕು ತಗುಲಿದರೂ ಜ್ವರ ಬಾರದಿರಬಹುದು, ಸೂಚಕ ಏರದಿರಬಹುದು. ಬೆಂಕಿ ಹತ್ತಿದೆ, ಹೊಗೆ ಮಾತ್ರ ಕಾಣದು. ಆದ್ದರಿಂದ ಸುಸ್ತು, ಹೊಟ್ಟೆನೋವು, ಉರಿಮೂತ್ರ ಇವುಗಳನ್ನು ಜ್ವರವಿಲ್ಲವೆಂದು ಅಲಕ್ಷಿಸುವಂತಿಲ್ಲ. ಕರುಳಿನಲ್ಲಿ ಹುಣ್ಣು ಅಥವಾ ಚೀಲದಂಥ ಉಬ್ಬುಗಳಿರುವವರಲ್ಲಿ ಅಪರೂಪವಾಗಿ ಕರುಳು ತೂತಾಗುವುದುಂಟು. ಕೊಬ್ಬಿನಂಶ ಏರುವುದು, ಬಿಳಿಯ ರಕ್ತಕಣಗಳು ಇಳಿಯುವುದು ಮುಂತಾದವಕ್ಕೆ ಆಗಾಗ್ಗೆ ರಕ್ತಪರೀಕ್ಷೆ ಬೇಕು.

ಅನಂತರ ಕೋವಿಡ್ ಬಂತು. ಆ ರೋಗ ಉಲ್ಬಣಿಸಿದವರಲ್ಲೂ ಸೈಟೋಕೈನ್‌ಗಳ ಬಿರುಗಾಳಿ ಏಳುತ್ತದೆಂದು ತಿಳಿದು, ಕೀಲುವಾತದ ಔಷಧಗಳತ್ತ ಲೋಕದ ದೃಷ್ಟಿ ಹರಿಯಿತು. ನಮ್ಮ ಬೆಂಗಳೂರಿಗೂ ಇದರಲ್ಲಿ ಒಂದು ಪಾತ್ರವಿತ್ತು. ಇಲ್ಲಿನ ಬಯೋಕಾನ್ ಸಂಸ್ಥೆಯು ಕ್ಯೂಬಾ ದೇಶದ ವಿಜ್ಞಾನಿಗಳೊಡನೆ ರೂಪಿಸಿದ ಇಟೊಲಿಜುಮಾಬ್ ಎಂಬ ಪ್ರತಿಕಾಯವು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ 2013ರಲ್ಲಿ ಮಂಜೂರಾಗಿತ್ತು. ಅದು ಸೈಟೋಕೈನಿನ ಬಾಗಿಲನ್ನು ಮುಚ್ಚುವುದಲ್ಲ, ಓಲೆ ಬರೆಯುವ ಬಿಳಿಯ ಕಣಗಳ ಮೇಲಿನ ಸಿಡಿ6 ಎಂಬ ಗುರುತಿಗೆ ಅಂಟಿಕೊಂಡು ಬರವಣಿಗೆಯನ್ನೇ ತಗ್ಗಿಸುವುದು. 2020ರ ಜುಲೈ ತಿಂಗಳಲ್ಲಿ ಕೋವಿಡ್ ರೋಗಿಗಳಿಗೆ ತುರ್ತು ಬಳಕೆಗಾಗಿ ಕೇಂದ್ರದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟರು. 30 ರೋಗಿಗಳ ಸಣ್ಣ ಪರೀಕ್ಷೆಯ ಆಧಾರದಿಂದ ಕೊಟ್ಟ ಈ ಅನುಮತಿ ಚರ್ಚೆಗೆ ಗುರಿಯಾಯಿತು. ರಾಷ್ಟ್ರೀಯ ಕಾರ್ಯಪಡೆಯು ಅದನ್ನು ತನ್ನ ಚಿಕಿತ್ಸಾಕ್ರಮದಲ್ಲಿ ಸೇರಿಸಲಿಲ್ಲ. ನಮ್ಮ ಊರಿನ ಔಷಧವೆಂಬ ಅಭಿಮಾನ ನಮಗಿದ್ದರೂ, ಮೂವತ್ತು ಮಂದಿಯಿಂದ ಒಂದು ಔಷಧದ ಬಲಾಬಲ ತಿಳಿಯದೆಂಬ ಆಕ್ಷೇಪಣೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ.

ಟೋಸಿಲಿಜುಮಾಬ್ ವಿಷಯದಲ್ಲಿ ದೊಡ್ಡ ಪರೀಕ್ಷೆಯೇ ನಡೆಯಿತು. ಬ್ರಿಟನ್ನಿನ ರಿಕವರಿ ಎಂಬ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧವಿಲ್ಲದ ಗುಂಪಿನಲ್ಲಿ 28 ದಿನಗಳೊಳಗೆ ನೂರಕ್ಕೆ 35 ಮಂದಿ ತೀರಿಕೊಂಡರೆ ಔಷಧ ಪಡೆದವರಲ್ಲಿ 31 ಮಂದಿ ತೀರಿಕೊಂಡರು. ನೂರಕ್ಕೆ ನಾಲ್ಕು ಜೀವ.

ಆ ನಾಲ್ಕು ಜೀವಗಳಲ್ಲಿ ತಮ್ಮವರೊಬ್ಬರಿರಲಿ ಎಂಬ ಆಸೆಯಿಂದ 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಂಗಳೂರಿನ ಜನ ಔಷಧದ ಅಂಗಡಿಯಿಂದ ಅಂಗಡಿಗೆ ಅಲೆದರು. ದೇಶದಲ್ಲೆಲ್ಲ ಅಭಾವ. ಕೇಂದ್ರ ಸರ್ಕಾರವು ರಾಜ್ಯಗಳಿಗೆ ಇಷ್ಟಿಷ್ಟು ಸೀಸೆ ಎಂದು ಹಂಚಬೇಕಾಯಿತು. ಆ ಹೊತ್ತಿನಲ್ಲಿ ಅತ್ತಿಗೆಯವರ ಮನೆಯ ಶೈತ್ಯಪೆಟ್ಟಿಗೆಯಲ್ಲಿ, ಹಾಲಿನ ಪಾತ್ರೆಯ ಪಕ್ಕದಲ್ಲಿ, ಮುಂದಿನ ಸರದಿಗೆಂದು ಮೊದಲೇ ಕೊಂಡಿಟ್ಟ ಒಂದು ಸೀಸೆ ಇತ್ತು. ಅದೇ ಬೀದಿಯ ಒಂದು ಮನೆಯ ಯಜಮಾನರು ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲಿದ್ದರು. ಅವರ ಮಗನು ಗೇಟಿನ ಹೊರಗೆ ನಿಂತು, ಒಳಗೆ ಬರಲೂ ಅಂಜಿ, ಅಣ್ಣನವರನ್ನು ಕೇಳಿದನು. ಅಣ್ಣನವರಿಗೆ ಏನೆಂದು ಉತ್ತರಿಸಲೂ ತಿಳಿಯಲಿಲ್ಲ. ಮುಂದಿನ ಸೀಸೆ ಯಾವಾಗ ದೊರೆಯುವುದೋ ಯಾರೂ ಹೇಳುವಂತಿರಲಿಲ್ಲ. ಅತ್ತಿಗೆಯವರು ತಮ್ಮ ವೈದ್ಯರಿಗೆ ದೂರವಾಣಿ ಮಾಡಿಸಿದರು. ಒಂದೆರಡು ಸರದಿ ತಪ್ಪಿದರೆ ಬಾವು ಮರಳುವುದು ಬಹುಮಟ್ಟಿಗೆ ಖಂಡಿತ, ಪ್ರಾಣಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದರು. ಆಸ್ಪತ್ರೆಯವರೂ ಒಪ್ಪಿದರು. ಸೀಸೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅತ್ತಿಗೆಯವರೇ ಕಾಂಪೌಂಡಿನ ಗೋಡೆಯ ಮೇಲೆ ಇರಿಸಿ ಹಿಂದಕ್ಕೆ ಸರಿದು ನಿಂತರು.

ಆ ಯಜಮಾನರು ಬದುಕಿ ಮನೆಗೆ ಬಂದರು. ಈ ಸೀಸೆಯಿಂದಲೇ ಬದುಕಿದರೆಂದು ಹೇಳುವಂತಿಲ್ಲ. ನೂರಕ್ಕೆ 65 ಮಂದಿ ಅದಿಲ್ಲದೆಯೂ ಬದುಕುತ್ತಿದ್ದರು. ಅತ್ತಿಗೆಯವರಿಗೆ ನಾವು ಈ ಲೆಕ್ಕವನ್ನು ವಿವರಿಸಿದಾಗ, "ನನಗೆ ಆ ದಿನ ಲೆಕ್ಕ ತಿಳಿದಿದ್ದರೂ ಆ ಹುಡುಗನ ಮುಖ ನೋಡಿ ಬಾಗಿಲು ಹಾಕಿಕೊಳ್ಳಲಾಗುತ್ತಿರಲಿಲ್ಲ" ಎಂದರು.

ಬಾವು ಮರಳಿದ್ದಂತೂ ನಿಜ. ಜೂನ್ ತಿಂಗಳಲ್ಲಿ ಮಣಿಕಟ್ಟುಗಳು ಮತ್ತೆ ಊದಿ, ಬಾಚಣಿಗೆ ಹಿಡಿಯಲೂ ಆಗದಂತಾಯಿತು. ಸೀಸೆಗಾಗಿ ಕಾಯದೆ ವೈದ್ಯರು ಟೊಫಾಸಿಟಿನಿಬ್ ಎಂಬ ಮಾತ್ರೆಯನ್ನು, 5 ಮಿಲಿಗ್ರಾಮಿನಂತೆ ದಿನಕ್ಕೆರಡು ಸಲ, ಬರೆದುಕೊಟ್ಟರು. ಇದರ ಕೆಲಸ ಬಾಗಿಲಿನ ಹೊರಗಲ್ಲ, ಒಳಗೆ. ಗ್ರಾಹಕಕ್ಕೆ ಅಂಟಿಕೊಂಡು ಜೇಕ್ ಎಂಬ ಕಿಣ್ವಗಳಿರುತ್ತವೆ. ಗಂಟೆಯ ಸದ್ದನ್ನು ಕೋಶಕೇಂದ್ರಕ್ಕೆ ಸಾಗಿಸುವವು ಅವೇ. ಮಾತ್ರೆಯು ಆ ತಂತಿಯನ್ನು ಕತ್ತರಿಸುತ್ತದೆ. ಇಂಟರ್‌ಲ್ಯೂಕಿನ್-6 ಸೇರಿದಂತೆ ಹಲವು ಸೈಟೋಕೈನ್‌ಗಳ ಬಾಗಿಲುಗಳಿಗೆ ಇದೇ ತಂತಿಯಾದುದರಿಂದ ಒಂದೇ ಮಾತ್ರೆಯಿಂದ ಹಲವು ಗಂಟೆಗಳು ಮೌನವಾಗುತ್ತವೆ. ಭಾರತೀಯ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆಯೂ ಬಹಳ ಇಳಿದು ಸಾಮಾನ್ಯ ಕುಟುಂಬಗಳಿಗೆ ಎಟಕುವಂತಾಗಿದೆ.

ಹಲವು ಗಂಟೆಗಳು ಮೌನವಾದರೆ ಕೆಲವು ಕಳ್ಳರಿಗೆ ಅನುಕೂಲವೂ ಆಗುತ್ತದೆ. 2022ರಲ್ಲಿ ಅತ್ತಿಗೆಯವರ ಬೆನ್ನಿನಿಂದ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತು. ಬಾಲ್ಯದಲ್ಲಿ ಬಂದ ಸೀತಾಳೆಯ ವೈರಸ್ಸು ನರಗಳಲ್ಲಿ ಅಡಗಿದ್ದು ಮತ್ತೆ ತಲೆಯೆತ್ತುವುದೇ ಸರ್ಪಸುತ್ತು ಎಂಬುದನ್ನು ಬಲ್ಲವರು ಬಲ್ಲರು. ಈ ವರ್ಗದ ಮಾತ್ರೆಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಮಾತ್ರೆಯನ್ನು ಕೆಲಕಾಲ ನಿಲ್ಲಿಸಿ, ವೈರಸ್ಸಿಗೆ ಔಷಧ ಕೊಟ್ಟು, ಗುಣವಾದ ಮೇಲೆ ಪುನಃ ಆರಂಭಿಸಲಾಯಿತು. ಸರ್ಪಸುತ್ತನ್ನು ತಡೆಯುವ ಹೊಸ ಬಗೆಯ ಲಸಿಕೆ 2023ರಿಂದ ಭಾರತದಲ್ಲಿ ದೊರೆಯುತ್ತಿದೆ. ಅದು ಜೀವಂತ ವೈರಸ್ಸಿನದಲ್ಲವಾದುದರಿಂದ ಇಂಥ ರೋಗಿಗಳಿಗೂ ಕೊಡಬಹುದು. ಜೀವಂತ ಲಸಿಕೆಗಳನ್ನು ಮಾತ್ರ ಈ ಔಷಧಗಳ ನಡುವೆ ಕೊಡಲಾಗದು.

ಇನ್ನೂ ಒಂದು ಎಚ್ಚರಿಕೆಯಿದೆ. ಹೃದ್ರೋಗದ ಸಂಭವವುಳ್ಳ, 50 ವರ್ಷ ಮೀರಿದ ಕೀಲುವಾತದ ರೋಗಿಗಳಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ, ಟಿಎನ್‌ಎಫ್ ತಡೆಯುವ ಔಷಧಗಳಿಗಿಂತ ಟೊಫಾಸಿಟಿನಿಬ್ ಪಡೆದವರಲ್ಲಿ ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದವು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ವರ್ಗದ ಮಾತ್ರೆಗಳ ಮೇಲೆ ಕಟ್ಟುನಿಟ್ಟಾದ ಎಚ್ಚರಿಕೆ ಮುದ್ರಿಸುವಂತೆ ಆದೇಶಿಸಿತು. 65 ವರ್ಷ ದಾಟಿದವರಲ್ಲೂ ಧೂಮಪಾನಿಗಳಲ್ಲೂ ಅಪಾಯ ಅಧಿಕ.

ಅತ್ತಿಗೆಯವರ ಮಗಳ ವಿವಾಹವು ಆ ನಡುವೆ ಸರಳವಾಗಿ ನೆರವೇರಿತು. ಅಕ್ಷತೆ ಬಿದ್ದಿತು. ಸೊಟ್ಟ ಬೆರಳುಗಳ ಸಂದಿನಿಂದ ಒಂದಿಷ್ಟು ಮುಂಚಿತವಾಗಿಯೇ ಬಿದ್ದಿತೆಂದು ಅವರೇ ಹೇಳಿಕೊಂಡು ನಗುತ್ತಾರೆ. ಈಗ ಬೆಳಿಗ್ಗೆ ಕೆರೆಯ ಸುತ್ತ ಎರಡು ಪ್ರದಕ್ಷಿಣೆ ನಡೆಯುತ್ತಾರೆ. ಬೆಂಚಿನ ಮೇಲೆ ಕುಳಿತ ಹೆಂಗಸರ ಕೈಗಳನ್ನು ತಾವೇ ಹಿಡಿದು ನೋಡಿ, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಕೇಳುತ್ತಾರೆ. ಒಂದು ತಾಸಿಗೂ ಮೀರುತ್ತದೆ ಎಂದವರಿಬ್ಬರನ್ನು ಈಗಾಗಲೇ ತಮ್ಮ ವೈದ್ಯರಲ್ಲಿಗೆ ಕಳುಹಿಸಿದ್ದಾರೆ. ಬರುವ ಶ್ರಾವಣಕ್ಕೆ ಅವರಿಗೆ 65 ತುಂಬುತ್ತದೆ. ಮಾತ್ರೆಯನ್ನು ಮುಂದುವರಿಸುವುದೋ, ಪುನಃ ಚುಚ್ಚುಮದ್ದಿಗೆ ಮರಳುವುದೋ ಎಂಬುದನ್ನು ತೀರ್ಮಾನಿಸಲು ವೈದ್ಯರು ಆಷಾಢದಲ್ಲಿ ಹೃದಯದ ಪರೀಕ್ಷೆಗೆ ಬರಹೇಳಿದ್ದಾರೆ. ಅಣ್ಣನವರು ಪಂಚಾಂಗದಲ್ಲಿ ಆ ದಿನವನ್ನೂ ಕೆಂಪು ಶಾಯಿಯಿಂದ ಗುರುತಿಸಿಟ್ಟಿದ್ದಾರೆ.